ಕಣವೋ, ಕೋಶವೋ? ಕೋಸಗಿಯ ಕನ್ನಡ ಮಗುವಿನ ಜೀವಶಾಸ್ತ್ರ ಪರೀಕ್ಷೆ

ಜೀವಕೋಶ ಎಂದರೇನು ಎಂದು ಕೇಳಿದರೆ ನಮ್ಮ ಕುಂಬಳೆಯ ಅಥವಾ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮದ ಮಗು ಹೆಚ್ಚು ತಡವರಿಸದೆ ಉತ್ತರ ಹೇಳೀತು. ಅದೇ ಪ್ರಶ್ನೆಯನ್ನು ನಾವು ದೀಪಾವಳಿಯ ಆಸುಪಾಸಿನಲ್ಲಿ ಕೋಸಗಿಯ ಮನೆಯೊಂದರ ಕಟ್ಟೆಯ ಮೇಲೆ ಕುಳಿತು ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಕೇಳಿದೆವು. ಅವಳು ನಮ್ಮ ಮುಖ ನೋಡಿದಳು, ಪಕ್ಕದಲ್ಲಿದ್ದ ಮುತ್ಯಾನ ಮುಖ ನೋಡಿದಳು, ಸುಮ್ಮನಾದಳು. (ಆ ಸೀಮೆಯಲ್ಲಿ ಅಜ್ಜನನ್ನು ಮುತ್ಯಾ ಎನ್ನುತ್ತಾರೆ.) ನಾವು ‘ಸೆಲ್’ ಎಂದೊಡನೆ ಅವಳ ಮುಖ ಅರಳಿತು.

"ಹಂಗನ್ರಿ ಮತ್ತ! ಕಣಂ ಅಂದ್ರ ಗೊತ್ತದರಿ. ನೀವಂದ ಕನ್ನಡ ನಂಗ ತಿಳೀಲಿಲ್ರಿ."

ಮುತ್ಯಾ ನಕ್ಕರು. "ಕಣ ಅಂದ್ರ ರಾಶಿ ಮಾಡೋ ಜಾಗ ಅಲ್ಲೇನವ್ವಾ?"

ಮನೆಯೊಳಗೆ ಹುಟ್ಟಿದ ಮಾತೆಲ್ಲ ಕನ್ನಡ. ರೊಟ್ಟಿ ಬಡಿಯುವ ತಾಯಿ ಒಳಗಿನಿಂದ ಕೂಗುವುದು ಕನ್ನಡದಲ್ಲಿ. ಆದರೆ ಶಾಲೆಯಲ್ಲಿ ಕಲಿತ ವಿದ್ಯೆಯ ಮಾತು ಬೇರೆ. ಹೀಗಾಗಿ ಒಂದೇ ಕಟ್ಟೆಯ ಮೇಲೆ ಕುಳಿತ ಮೂವರಿಗೆ ಒಂದು ಶಬ್ದಕ್ಕೆ ಮೂರು ಅರ್ಥ. ಈ ಸಣ್ಣ ಪ್ರಸಂಗವನ್ನು ಓದುಗರ ಮುಂದಿಡುವುದಕ್ಕೆ ಕಾರಣವಿದೆ. ಮಕ್ಕಳ ಜೀವಶಾಸ್ತ್ರದ ತಿಳುವಳಿಕೆಯನ್ನು ಅಳೆಯುತ್ತೇವೆ ಎಂದು ಹೊರಟ ಪರೀಕ್ಷೆ ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದು ನಮ್ಮ ಮನೆಗಳಿಗೂ ಸಂಬಂಧಿಸಿದ ಪ್ರಶ್ನೆ.

‘ಹೊರತು’ ಆದವರು

ಕೋಸಗಿ ನಮಗೆ ದೂರದ ಊರಾದರೂ ನೆಂಟಸ್ತಿಕೆ ಹಳೆಯದು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ 7ನೆಯ ಕಲಮು ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಸೇರಬೇಕೆಂದು ಹೇಳುತ್ತದೆ. ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳ ಹೊರತು ಗುಲ್ಬರ್ಗಾ ಜಿಲ್ಲೆ. ಆಲಂಪುರ ಮತ್ತು ಗದ್ವಾಲ ತಾಲೂಕುಗಳ ಹೊರತು ರಾಯಚೂರು ಜಿಲ್ಲೆ. ಕಾಸರಗೋಡು ತಾಲೂಕು ಮತ್ತು ಅಮೀನ್‌ದಿವಿ ದ್ವೀಪಗಳ ಹೊರತು ದಕ್ಷಿಣ ಕನ್ನಡ ಜಿಲ್ಲೆ. ಒಂದೇ ಕಲಮಿನಲ್ಲಿ, ಒಂದೇ ‘ಹೊರತು’ ಎಂಬ ಶಬ್ದದಿಂದ, ನಾವೂ ಆ ಸೀಮೆಯವರೂ ಗಡಿಯಾಚೆಗೆ ನಿಂತೆವು. ಕೊಡಂಗಲ್ಲಿನ ನೆರೆಯ ಕೋಸಗಿ ಬಹುಕಾಲ ಮಹಬೂಬನಗರ ಜಿಲ್ಲೆಯಲ್ಲಿತ್ತು. 2019ರ ಫೆಬ್ರವರಿಯಲ್ಲಿ ಹೊಸ ನಾರಾಯಣಪೇಟೆ ಜಿಲ್ಲೆಯಾದಾಗ ಅದಕ್ಕೆ ಸೇರಿತು.

ಅಲ್ಲಿ ಕನ್ನಡ ಅಳಿದಿಲ್ಲ. ನಾರಾಯಣಪೇಟೆ, ಮಕ್ತಲ್ ಸೀಮೆಯ ಪೇಟೆಬೀದಿಗಳಲ್ಲಿ ತೆಲುಗು, ಉರ್ದು, ಮರಾಠಿಗಳ ನಡುವೆ ಅದು ಕೇಳಿಸುತ್ತದೆ. ನದೀತೀರದ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೇ ಉಂಟು. ಆದರೆ ಉಳಿದೆಡೆಯ ಕನ್ನಡ ಮನೆಯ ಮಗು ಸಾಮಾನ್ಯವಾಗಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದುತ್ತದೆ. 2022-23ರಿಂದ ತೆಲಂಗಾಣದ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಹಂತಹಂತವಾಗಿ ಬಂತು. ಮಕ್ಕಳಿಗೆ ಸುಲಭವಾಗಲೆಂದು ಪಠ್ಯಪುಸ್ತಕದ ಒಂದು ಪುಟ ಇಂಗ್ಲಿಷಿನಲ್ಲಿ, ಎದುರಿನ ಪುಟ ತೆಲುಗಿನಲ್ಲಿ ಅಚ್ಚಾಗತೊಡಗಿತು. ಒಳ್ಳೆಯ ಏರ್ಪಾಡೆಂಬುದರಲ್ಲಿ ಸಂಶಯವಿಲ್ಲ. ತೆಲುಗು ಮನೆಯ ಮಗುವಿಗೆ ಎದುರು ಪುಟದಲ್ಲಿ ಅಮ್ಮನ ಮಾತಿದೆ. ಕೋಸಗಿಯ ನಮ್ಮ ಹುಡುಗಿಗೆ ಮೂರನೆಯ ಪುಟ ಬೇಕಿತ್ತು, ಅದಿಲ್ಲ.

ಹತ್ತಿಯ ಎಳೆಯಲ್ಲಿ ಪಾಠ

ಶಬ್ದವನ್ನು ಬದಿಗಿಟ್ಟು ವಿಷಯವನ್ನೇ ಕೇಳೋಣವೆಂದುಕೊಂಡೆವು. ಕಟ್ಟೆಯ ಮೂಲೆಯಲ್ಲಿ ಹೊಲದಿಂದ ಬಿಡಿಸಿ ತಂದ ಹತ್ತಿಯ ಗಂಟಿತ್ತು. ಅದರಿಂದ ಒಂದೇ ಒಂದು ಎಳೆ ಎಳೆದು, "ಇದರಲ್ಲಿ ಎಷ್ಟು ಸೆಲ್ ಇರಬಹುದು?" ಎಂದು ಕೇಳಿದೆವು. ಅವಳು ಸಾವಿರ ಎಂದಳು. ಮುತ್ಯಾ ಲಕ್ಷ ಎಂದರು.

ಉತ್ತರ ಒಂದು. ಹತ್ತಿಬೀಜದ ಮೇಲ್ಸಿಪ್ಪೆಯ ಒಂದು ಜೀವಕೋಶವೇ ಉದ್ದಕ್ಕೆ ಬೆಳೆದು ಎರಡೂವರೆ, ಮೂರು ಸೆಂಟಿಮೀಟರಿನ ಎಳೆಯಾಗುತ್ತದೆ. ಕಾಯಿ ಬಲಿತು ಒಡೆಯುವ ಹೊತ್ತಿಗೆ ಅದರೊಳಗಿನ ಜೀವರಸ ಒಣಗಿ, ಉಳಿಯುವುದು ಹೆಚ್ಚುಕಡಿಮೆ ಬರಿಯ ಕೋಶಭಿತ್ತಿ, ಅಂದರೆ ಸೆಲ್ಯುಲೋಸ್. ಜೀವಕೋಶವನ್ನು ನೋಡಲು ಸೂಕ್ಷ್ಮದರ್ಶಕವೇ ಬೇಕೆಂದು ನಾವೆಲ್ಲ ಕಲಿತಿದ್ದೇವೆ. 1665ರಲ್ಲಿ ರಾಬರ್ಟ್ ಹೂಕ್ ಬೆಂಡಿನ ತೆಳು ಚೂರಿನಲ್ಲಿ ಮೊದಲು ಕಂಡದ್ದೂ ಸೂಕ್ಷ್ಮದರ್ಶಕದಲ್ಲೇ. ಅವನು ಕಂಡದ್ದೂ ಸತ್ತ ಕೋಶಗಳ ಗೋಡೆಗಳನ್ನೇ. ನಾರಾಯಣಪೇಟೆಯ ಮಗ್ಗದ ಹತ್ತಿ ಸೀರೆಯ ಒಂದೊಂದು ನೂಲೂ ಅಂಥ ಅಸಂಖ್ಯ ಕೋಶಗಳ ಹೊಸೆತ. ಹುಡುಗಿ ಆ ಎಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಈಗ ಶಬ್ದಕ್ಕೆ ಬರೋಣ. ಕನ್ನಡದ ಜೀವಕೋಶ ತೆಲುಗಿನಲ್ಲಿ ಕಣಂ, ಮಲಯಾಳದಲ್ಲಿ ಕೋಶಂ. ಕೋಶಗಳ ಗುಂಪು, ನಾವು ಅಂಗಾಂಶ ಎನ್ನುವುದು, ತೆಲುಗಿನಲ್ಲಿ ಕಣಜಾಲಂ, ಮಲಯಾಳದಲ್ಲಿ ಕಲ. ಕನ್ನಡ ಮಗುವಿಗೆ ಕಲೆ ಎಂದರೆ ಯಕ್ಷಗಾನ, ಅಥವಾ ಅಂಗಿಗೆ ಅಂಟಿದ ಗೇರುಹಣ್ಣಿನ ರಸ. ಎಲೆ ಬಿಸಿಲಿನಲ್ಲಿ ಆಹಾರ ಮಾಡುವ ಕ್ರಿಯೆ ನಮಗೆ ದ್ಯುತಿಸಂಶ್ಲೇಷಣೆ, ತೆಲುಗರಿಗೆ ಕಿರಣಜನ್ಯ ಸಂಯೋಗ ಕ್ರಿಯ, ಮಲಯಾಳಿಗರಿಗೆ ಪ್ರಕಾಶಸಂಶ್ಲೇಷಣಂ. ಏಣಿಯ ಮೇಲ್ತುದಿಯಲ್ಲಿರುವ ಪರಿಸರ ವ್ಯವಸ್ಥೆಯನ್ನು ತೆಲುಗಿನಲ್ಲಿ ಆವರಣ ವ್ಯವಸ್ಥ ಎಂದೂ ಮಲಯಾಳದಲ್ಲಿ ಆವಾಸವ್ಯವಸ್ಥ ಎಂದೂ ಕರೆಯುತ್ತಾರೆ. ನಮಗೆ ಆವರಣ ಎಂದರೆ ಶಾಲೆಯ ಅಂಗಳ. ಆವಾಸ ಎಂದರೆ ಒಂದು ಪ್ರಾಣಿ ವಾಸಿಸುವ ನೆಲೆ ಮಾತ್ರ.

ಇವೆಲ್ಲ ಸಂಸ್ಕೃತದಿಂದಲೇ ಬಂದ ಶಬ್ದಗಳು. ತೊಡಕು ಇರುವುದೂ ಅಲ್ಲೇ. ಪೂರ್ತಿ ಅಪರಿಚಿತ ಶಬ್ದವಾದರೆ ಮಗು ಅರ್ಥ ಕೇಳುತ್ತದೆ. ಪರಿಚಯದ ಮುಖ ಹೊತ್ತು ಬೇರೆ ಅರ್ಥ ಹೇಳುವ ಶಬ್ದವಾದರೆ ಕೇಳುವುದೇ ಇಲ್ಲ. ತಿಳಿಯಿತೆಂದೇ ನಂಬಿ ತಪ್ಪು ಬರೆದು ಬರುತ್ತದೆ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ನಮ್ಮ ಜಿಲ್ಲೆಯ ತಂದೆತಾಯಂದಿರು ದನಿಯೆತ್ತಿದ್ದಾರೆ. ಅದು ಬರಿಯ ಅಭಿಮಾನದ ಮಾತಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೇರು, ಮರ, ಗೆದ್ದಲು

ಮರುದಿನ ಬೆಳಿಗ್ಗೆ ಮುತ್ಯಾನ ಜೊತೆ ಹೊಲಕ್ಕೆ ಹೋದೆವು. ಅದು ತೊಗರಿಯ ನಾಡು. ನೆರೆಯ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿದೆ. ಮುತ್ಯಾ ಒಂದು ಗಿಡ ಕಿತ್ತು ಬೇರಿನ ಸಣ್ಣ ಗಂಟುಗಳನ್ನು ತೋರಿಸಿದರು. "ಈ ಗಂಟು ಇದ್ರ ಹೊಲಕ್ಕ ಛಲೋ ರೀ. ಮುಂದಿನ ವರ್ಷ ಜ್ವಾಳ ಜೋರ್ ಬರ್ತದ."

ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದರಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಗಿಡ ಉಣ್ಣುವ ರೂಪಕ್ಕೆ ತರುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ನಮ್ಮ ನೆತ್ತರಿನ ಹಿಮೋಗ್ಲೋಬಿನ್ನಿನ ದಾಯಾದಿಯಾದ ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವಿನಿಂದ ಆ ಕೆಂಪು. ಒಳಗೆ ಕೆಂಪಿದ್ದರೆ ಗಂಟು ದುಡಿಯುತ್ತಿದೆ ಎಂದರ್ಥ. ಹಸುರೋ ಕಂದೋ ಆಗಿದ್ದರೆ ಅದರ ಕೆಲಸ ಮುಗಿದಿದೆ. ಸಹಜೀವನದ ಬಗ್ಗೆ ಟಿಪ್ಪಣಿ ಬರೆಯಿರಿ ಎಂಬ ಪ್ರಶ್ನೆಗೆ ಇಷ್ಟು ಸಾಕು. ಮುತ್ಯಾನಿಗೆ ಉತ್ತರ ಗೊತ್ತಿತ್ತು, ಟಿಪ್ಪಣಿ ಗೊತ್ತಿರಲಿಲ್ಲ. ಮೊಮ್ಮಗಳಿಗೆ ಟಿಪ್ಪಣಿ ಬಾಯಿಪಾಠವಿತ್ತು. ಗಂಟನ್ನು ಸೀಳಿ ನೋಡಿದ್ದು ಅಂದೇ ಮೊದಲು.

ಮಹಬೂಬನಗರದ ಬಳಿ ಪಿಲ್ಲಲಮರ್ರಿ ಎಂಬ ದೊಡ್ಡ ಆಲದ ಮರವಿದೆ. ಅದಕ್ಕೆ ಸುಮಾರು 700 ವರ್ಷವೆಂದು ಹೇಳುತ್ತಾರೆ. ತೆಲುಗಿನಲ್ಲಿ ಮರ್ರಿ ಎಂದರೆ ಆಲ, ಪಿಲ್ಲಲು ಎಂದರೆ ಮಕ್ಕಳು. ಬಿಳಲುಗಳೆಲ್ಲ ನೆಲಕ್ಕಿಳಿದು ಕಾಂಡವಾಗಿ, ಮಕ್ಕಳೊಂದಿಗ ಮರದಂತೆ ಹರಡಿರುವುದಕ್ಕೆ ಆ ಹೆಸರು ಒಪ್ಪುತ್ತದೆ. ಆದರೆ ಪರೀಕ್ಷೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಅದು ಒಂದು ಜೀವಿಯೋ, ಹಲವೋ? ಬಿಳಲು ಮಗುವಲ್ಲ, ತಾಯಿಯದೇ ಬೇರು. ನಿಜವಾದ ಮಕ್ಕಳು ಹಣ್ಣಿನ ಬೀಜದಿಂದ ಹುಟ್ಟಬೇಕು. ಆ ಹಣ್ಣಾದರೂ ಎಂಥದು? ಆಲದ ಹೂಗಳು ಕಾಯಿಯಂತೆ ಕಾಣುವ ಬುರುಡೆಯೊಳಗೇ ಅಡಗಿರುತ್ತವೆ. ಸಣ್ಣದೊಂದು ಕಣಜ ಒಳಹೊಕ್ಕು ಪರಾಗಸ್ಪರ್ಶ ಮಾಡದೆ ಬೀಜ ಕಟ್ಟುವುದಿಲ್ಲ. ಅತ್ತಿಯ ಹಣ್ಣು ಬಿಚ್ಚಿದರೆ ಹುಳ ಎಂದು ನಮ್ಮ ಹಿರಿಯರು ಆಡಿಕೊಂಡದ್ದು ಅದರ ದಾಯಾದಿಯನ್ನೇ. ಹುಳವಿಲ್ಲದೆ ಅತ್ತಿಯ ಸಂತಾನವೂ ಇಲ್ಲ.

ಗೆದ್ದಲು ಹಿಡಿದು ಕೊಂಬೆ ಮುರಿದ ಆ ಮರಕ್ಕೆ 2018ರಲ್ಲಿ, ಆಸ್ಪತ್ರೆಯ ರೋಗಿಗೆ ಸಲೈನ್ ಕೊಡುವಂತೆ ಬಾಟಲಿಗಳನ್ನು ತೂಗಹಾಕಿ ಕಾಂಡಕ್ಕೆ ಹನಿಹನಿಯಾಗಿ ಔಷಧ ಇಳಿಸಿದರು. ಗೆದ್ದಲು ತಿನ್ನುವುದು ಏನನ್ನು? ಹತ್ತಿಯ ಎಳೆಯಲ್ಲಿದ್ದ ಅದೇ ಸೆಲ್ಯುಲೋಸನ್ನು. ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ನೆರವಿಲ್ಲದೆ ಗೆದ್ದಲಿಗೂ ಅಷ್ಟೊಂದು ಮರ ಅರಗದು. ಒಂದು ಕೋಶದ ಗೋಡೆಯಿಂದ 700 ವರ್ಷದ ಮರದ ಸಾವುಬದುಕಿನ ತನಕ ಪಾಠ ಒಂದೇ ಎಳೆಯಲ್ಲಿ ನಡೆಯುತ್ತದೆ.

ಚಿಗರಿ, ತ್ವಾಳ ಮತ್ತು ಪಡ್ರೆ

ನಾರಾಯಣಪೇಟೆ ಜಿಲ್ಲೆಯ ದಕ್ಷಿಣದಲ್ಲಿ, ಮಕ್ತಲ್ ಮತ್ತು ಕೃಷ್ಣಾ ಕಡೆಯ ನದೀತೀರದ ಹೊಲಗಳಿಗೆ ಕೃಷ್ಣಮೃಗಗಳು ಹಿಂಡುಹಿಂಡಾಗಿ ನುಗ್ಗಿ ಪೈರು ತಿನ್ನುತ್ತವೆಂದು ರೈತರ ದೂರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯ ಪ್ರಾಣಿಯಾದ್ದರಿಂದ ಅದನ್ನು ಕೊಲ್ಲುವಂತಿಲ್ಲ. ಪೈರು ಹೋದರೆ ರೈತ ಉಳಿಯುವಂತಿಲ್ಲ. ಅಪರೂಪದ ಪ್ರಾಣಿಯೊಂದು ಅಲ್ಲಿ ಪೀಡೆಯೆನಿಸಿದ್ದು ಹೇಗೆ ಎಂದು ಹುಡುಗಿಯನ್ನು ಕೇಳಿದೆವು. ಆಹಾರ ಸರಪಣಿಯ ಚಿತ್ರ ಬರೆದಳು: ಹುಲ್ಲು, ಜಿಂಕೆ, ಹುಲಿ.

ಮುತ್ಯಾ ತಲೆಯಾಡಿಸಿದರು. "ಇಲ್ಲಿ ಎಲ್ಲಿ ಹುಲಿ ಅದಾವ? ಚಿಗರಿ ಹಿಡೀತಿದ್ದದ್ದು ತ್ವಾಳ. ನಾವು ಕುರಿ ಕಾಯೋವಾಗ ತ್ವಾಳಿಗೆ ಅಂಜತಿದ್ವಿ. ಈಗ ತ್ವಾಳ ಇಲ್ಲ, ಹುಲ್ಲಿನ ಬೀಡೂ ಇಲ್ಲ. ಚಿಗರಿ ಹೊಲಕ್ಕ ಬರದೆ ಎಲ್ಲಿಗೆ ಹೋಗಬೇಕ್ರಿ?"

ಚಿಗರಿ ಎಂದರೆ ಕೃಷ್ಣಮೃಗ, ತ್ವಾಳ ಎಂದರೆ ತೋಳ. ಬಯಲುಸೀಮೆಯ ಈ ಜಿಂಕೆಯನ್ನು ಬೇಟೆಯಾಡುತ್ತಿದ್ದ ಚೀತಾ ಭಾರತದಿಂದ ಅಳಿದುಹೋಯಿತೆಂದು 1952ರಲ್ಲಿ ಸಾರಲಾಯಿತು. ಹುಲ್ಲುಗಾವಲು ಹೊಲವಾಯಿತು. ಪುಸ್ತಕದ ಸರಪಣಿಯಲ್ಲಿದ್ದದ್ದು ಎಲ್ಲಿಯದೋ ಕಾಡಿನ ಹುಲಿ. ಮುತ್ಯಾ ಹೇಳಿದ್ದು ತಮ್ಮ ಕಣ್ಣೆದುರಿನ ಸರಪಣಿ ಎಲ್ಲಿ ಕಡಿಯಿತು ಎಂಬುದನ್ನು. ಅಂಕ ಕೊಡುವ ಅಧಿಕಾರ ನಮಗಿದ್ದರೆ ಪೂರ್ಣ ಅಂಕ ಮುತ್ಯಾನಿಗೇ. ಆದರೆ ಅವರ ಉತ್ತರ ಮೊಮ್ಮಗಳ ಪುಸ್ತಕಕ್ಕೆ ತಲುಪುವ ದಾರಿಯಿಲ್ಲ. ಅವರ ಕನ್ನಡಕ್ಕೂ ಅವಳ ಪಾಠಕ್ಕೂ ಮಾತುಕತೆಯೇ ಇಲ್ಲ.

ಈ ಮಾತುಕತೆ ಕಡಿದರೆ ನಷ್ಟವೇನೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ, ಅದರಂಥ ಹಲವು ಗ್ರಾಮಗಳಲ್ಲಿ, ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಮಿಕ್ಕಿ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ನೀರಿಗೆ ಬಿದ್ದದ್ದು ಮೀನಿಗೆ, ಹುಲ್ಲಿಗೆ ಬಿದ್ದದ್ದು ದನಕ್ಕೆ, ಅಲ್ಲಿಂದ ಮನುಷ್ಯರಿಗೆ ಎಂಬ ದಾರಿಯನ್ನು ಪಠ್ಯಪುಸ್ತಕ ಒಂದು ಚಿತ್ರದಲ್ಲಿ ತೋರಿಸುತ್ತದೆ. ನಮ್ಮವರು ಅದನ್ನು ತೊಟ್ಟಿಲಲ್ಲಿ ಕಂಡರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಕೃಷಿ ಪತ್ರಕರ್ತ ಶ್ರೀ ಪಡ್ರೆ ಮುಂತಾದವರು ಕಂಡದ್ದನ್ನು ಕಂಡಂತೆ ಬರೆದಿಟ್ಟು ಹೊರಲೋಕಕ್ಕೆ ಹೇಳಿದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಪರಿಸರ ವ್ಯವಸ್ಥೆ ಎಂಬ ಪಾಠ ಅಂಕಕ್ಕಾಗಿ ಮಾತ್ರವಲ್ಲ ಎನ್ನಲು ನಮ್ಮ ಜಿಲ್ಲೆಗಿಂತ ದೊಡ್ಡ ಉದಾಹರಣೆ ಇನ್ನೆಲ್ಲಿದೆ? ತಾಯಿಗೆ ತಿಳಿಯುವ ಮಾತಿನಲ್ಲಿ ಮಗು ಅದನ್ನು ಕಲಿತಿದ್ದರೆ ಮನೆಯವರೆಲ್ಲ ಕಲಿತ ಹಾಗೆ.

ಪ್ರಶ್ನೆಪತ್ರಿಕೆಯ ಗಡಿ

ಹತ್ತನೆಯ ತರಗತಿಯ ಮಟ್ಟಿಗೆ ನಮ್ಮ ಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಕೇರಳದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ತೆಲಂಗಾಣದಲ್ಲೂ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಅವಕಾಶ ಉಂಟು. ಮುಂದೆ ವೈದ್ಯಕೀಯಕ್ಕೆ ಹೋಗುವವರಿಗೆ ನೀಟ್ ಪರೀಕ್ಷೆ. 2025ರ ಪತ್ರಿಕೆಯಲ್ಲಿ 180 ಪ್ರಶ್ನೆ, ಅದರಲ್ಲಿ ಜೀವಶಾಸ್ತ್ರದ್ದೇ 90. 720 ಅಂಕಗಳಲ್ಲಿ 360. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ದೊರಕಿತು, ಅದರಲ್ಲಿ ಕನ್ನಡವೂ ಸೇರಿತ್ತು.

ಆದರೆ ನಿಯಮವೊಂದಿದೆ. ಕನ್ನಡದ ಪತ್ರಿಕೆ ಬೇಕೆಂದರೆ ಕರ್ನಾಟಕದ ಕೇಂದ್ರದಲ್ಲೇ ಬರೆಯಬೇಕು. ಕೇರಳದ ಕೇಂದ್ರದಲ್ಲಿ ಇಂಗ್ಲಿಷ್, ಹಿಂದಿ, ಉರ್ದುಗಳಲ್ಲದೆ ಮಲಯಾಳ. ತೆಲಂಗಾಣದಲ್ಲಿ ಅವುಗಳಲ್ಲದೆ ತೆಲುಗು. ಮಂಜೇಶ್ವರದ ಮಗು ಮಂಗಳೂರಿಗೆ ಹೋಗಬೇಕು, ನಾರಾಯಣಪೇಟೆಯ ಮಗು ರಾಯಚೂರಿಗೋ ಕಲಬುರಗಿಗೋ. 1956ರ ‘ಹೊರತು’ ಪರೀಕ್ಷಾಮಂದಿರದ ಬಾಗಿಲಲ್ಲಿ ಇನ್ನೂ ನಿಂತಿದೆ.

ಸತ್ಯವನ್ನೂ ಹೇಳಬೇಕು. ಹತ್ತರ ಅನಂತರ ವಿಜ್ಞಾನದ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುವುದರಿಂದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಪತ್ರಿಕೆಯನ್ನು ಕೇಳುವುದೇ ಇಲ್ಲ. ಅನುವಾದದಲ್ಲಿ ಸಂಶಯ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣವೆಂದು ನಿಯಮವೇ ಹೇಳುತ್ತದೆ. ಕೇಳುವವರು ಕೆಲವರೆಂಬುದು ಕೊಡದಿರುವುದಕ್ಕೆ ಕಾರಣವಾಗಬಾರದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆನ್ನುತ್ತದೆ. ಪ್ರಾಥಮಿಕದಲ್ಲಿ ಕೊಟ್ಟ ಮಾತನ್ನು ಪ್ರವೇಶ ಪರೀಕ್ಷೆಯಲ್ಲಿ ಕಿತ್ತುಕೊಳ್ಳುವುದು ನ್ಯಾಯವಲ್ಲ. ಕಾಸರಗೋಡು ಮತ್ತು ನಾರಾಯಣಪೇಟೆಯಂಥ ಗಡಿ ಜಿಲ್ಲೆಗಳ ಕೇಂದ್ರಗಳಲ್ಲಾದರೂ ಕನ್ನಡ ಪತ್ರಿಕೆ ದೊರೆಯಬೇಕೆಂದು ನಾವು ಒಟ್ಟಾಗಿ ಕೇಳಬೇಕು.

ಮನೆಯಲ್ಲಿ ಕೇಳಿ ನೋಡಿ

ಸರಕಾರ ಕೊಡುವ ತನಕ ಸುಮ್ಮನಿರಬೇಕಿಲ್ಲ. ಒಂದು ನೋಟುಪುಸ್ತಕದ ಪುಟಕ್ಕೆ ಮೂರು ಗೆರೆ ಹಾಕಿ: ಕನ್ನಡ, ಶಾಲೆಯ ಭಾಷೆ, ಇಂಗ್ಲಿಷ್. ಪಾಠದ ಶಬ್ದಗಳನ್ನು ಮಗುವೇ ತುಂಬಲಿ. ಮನೆಯ ಹಿರಿಯರ ಶಬ್ದವಿದ್ದರೆ ಅದನ್ನೂ ಬರೆಯಲಿ. ಊಟದ ಹೊತ್ತಿಗೆ ಒಂದೊಂದು ಪ್ರಶ್ನೆ ಕೇಳಿ. ಮಾದರಿಗೆ ನಾಲ್ಕು ಇಲ್ಲಿವೆ.

1. ಎಳನೀರು ಗಿಡದ ಯಾವ ಭಾಗ? ಬೀಜದೊಳಗಿನ ಭ್ರೂಣಕ್ಕಾಗಿ ಕೂಡಿಟ್ಟ ಆಹಾರ. ನೀರಿನಲ್ಲಿ ಕೋಶಭಿತ್ತಿಯಿಲ್ಲದ ಕೋಶಕೇಂದ್ರಗಳು ತೇಲುತ್ತಿರುತ್ತವೆ. ಅವುಗಳ ಸುತ್ತ ಗೋಡೆ ಕಟ್ಟಿ ಆಗುವುದೇ ತಿರುಳು.

2. ಅಡಿಕೆಯ ಕೊಳೆರೋಗ ಮಳೆಗಾಲದಲ್ಲೇ ಏಕೆ? ಅದನ್ನು ತರುವ ಫೈಟಾಫ್ತೊರದ ಬೀಜಾಣುಗಳು ನೀರಿನ ಪದರದಲ್ಲಿ ಈಜಿ ಹರಡುತ್ತವೆ. ಮಳೆಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಯುವುದು ಅದಕ್ಕೇ.

3. ದೋಸೆಹಿಟ್ಟು ರಾತ್ರಿಯಲ್ಲಿ ಉಬ್ಬುವುದೇಕೆ? ಬ್ಯಾಕ್ಟೀರಿಯ ಮತ್ತು ಯೀಸ್ಟುಗಳು ಹಿಟ್ಟಿನ ಸಕ್ಕರೆಯನ್ನು ಒಡೆದು ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತವೆ.

4. ಅಳಿವೆಯ ಕಾಂಡ್ಲಾ ಗಿಡಗಳಲ್ಲಿ ಕೆಲವಕ್ಕೆ ಬೇರು ಮೇಲ್ಮುಖವಾಗಿ ಏಳುವುದೇಕೆ? ಕೆಸರಿನಲ್ಲಿ ಗಾಳಿಯಿಲ್ಲ, ಉಸಿರಾಡುವುದಕ್ಕೆ.

ಕೋಸಗಿಯಿಂದ ಹೊರಡುವ ಮುನ್ನ ಆ ಹುಡುಗಿಗೆ ಇಂಥದೇ ನೋಟುಪುಸ್ತಕವೊಂದನ್ನು ಕೊಟ್ಟು, ಮೊದಲ ಸಾಲಿನಲ್ಲಿ ಜೀವಕೋಶ, ಕಣಂ, ಸೆಲ್ ಎಂದು ಬರೆಸಿದೆವು. ಅವಳು ಬರೆದು, ಪೆನ್ನು ಕಚ್ಚಿ, ಸ್ವಲ್ಪ ಹೊತ್ತು ಯೋಚಿಸಿದಳು. ಮೊದಲ ದಿನದ ಸಂಕೋಚ ಈಗಿರಲಿಲ್ಲ.

"ರೀ, ದವಾಖಾನ್ಯಾಗ ಮುತ್ಯಾಗ ಕೆಂಪು ರಕ್ತಕಣ ಕಮ್ಮಿ ಅದಾವ ಅಂದ್ರು. ರಾಯಚೂರ್ ಡಾಕ್ಟರ್ ಕನ್ನಡದಾಗೇ ಅಂದ್ರು. ಅವು ಸೆಲ್ ಅಲ್ಲೇನ್ರಿ? ಮತ್ತ ಕನ್ನಡದಾಗೂ ಕಣ ಅಂತಾರಲ್ರಿ?"

ಹೌದು, ಅನ್ನುತ್ತಾರೆ. ರಕ್ತಕೋಶ ಎಂದು ಹೇಳುವವರು ಅಪರೂಪ. ಪರೀಕ್ಷೆ ಮಾಡಲು ಹೋದ ನಾವು ಉತ್ತರಕ್ಕೆ ತಡವರಿಸಿದೆವು. ಮುತ್ಯಾ ಮತ್ತೆ ನಕ್ಕರು. ಹುಡುಗಿ ಕನ್ನಡದ ಸಾಲಿನಲ್ಲಿ ಜೀವಕೋಶದ ಪಕ್ಕಕ್ಕೆ ಸಣ್ಣದಾಗಿ ‘ಕಣ’ ಎಂದು ಸೇರಿಸಿದಳು.